ಮೌಸ್ ಆಡಿಸುವ ತನಕ ಗ್ರಿಡ್‌ನಲ್ಲಿ ಹೊಸ ಡೇಟಾ ಕಾಣಿಸುತ್ತಿಲ್ಲ (ವಿನ್‌ಫಾರ್ಮ್ಸ್, ಸಿ ಶಾರ್ಪ್)

ಪ್ರಶ್ನೆ:
ವಿನ್‌ಫಾರ್ಮ್ಸ್‌ನಲ್ಲಿ (ವಿಂಡೋಸ್ ಡೆಸ್ಕ್‌ಟಾಪ್ ತಂತ್ರಾಂಶ ಕಟ್ಟುವ ಚೌಕಟ್ಟು) ಬರೆದ, ಗೋದಾಮಿನ ದಾಸ್ತಾನು ತೋರಿಸುವ ಸ್ಕ್ರೀನ್. ಡೇಟಾಗ್ರಿಡ್‌ವ್ಯೂ (ಸಾಲು-ಕಾಲಂಗಳ ಪಟ್ಟಿ ತೋರಿಸುವ ಗ್ರಿಡ್), ಅದರ ಹಿಂದೆ ಬೈಂಡಿಂಗ್‌ಸೋರ್ಸ್ (ಗ್ರಿಡ್ ಮತ್ತು ಡೇಟಾ ನಡುವಿನ ಕೊಂಡಿ), ಅದರ ಹಿಂದೆ ಸಾದಾ ಲಿಸ್ಟ್, ಸುಮಾರು 400 ಸಾಲು. ಸಿಸ್ಟಮ್.ಟೈಮರ್ಸ್.ಟೈಮರ್ 10 ಸೆಕೆಂಡಿಗೊಮ್ಮೆ ಎಸ್‌ಕ್ಯೂಎಲ್ ಸರ್ವರ್ ಡೇಟಾಬೇಸ್‌ನಿಂದ ಓದಿ ಲಿಸ್ಟ್‌ನಲ್ಲಿರುವ ಸಂಖ್ಯೆಗಳನ್ನು ಬದಲಿಸುತ್ತದೆ. ಡೀಬಗರ್‌ನಲ್ಲಿ (ಓಡುತ್ತಿರುವ ಕೋಡ್‌ನ ಒಳಗೆ ನೋಡುವ ಸಾಧನ) ಲಿಸ್ಟ್‌ನ ಮೌಲ್ಯ 36 ಇದ್ದರೆ ಗ್ರಿಡ್‌ನಲ್ಲಿ ಇನ್ನೂ 48. ಆ ಸಾಲಿನ ಮೇಲೆ ಮೌಸ್ ಆಡಿಸಿದರೆ ತಟ್ಟನೆ 36 ಆಗುತ್ತದೆ! ಡೇಟಾಸೋರ್ಸ್‌ಗೆ ನಲ್ (ಖಾಲಿ) ಕೊಟ್ಟು ಮತ್ತೆ ಲಿಸ್ಟ್ ಕೊಡುವ ಬಟನ್ ಇಟ್ಟು ನೋಡಿದೆ. ಡೇಟಾ ಬರುತ್ತದೆ, ಆದರೆ ಸ್ಕ್ರೋಲ್ ಮೇಲಕ್ಕೆ ಹಾರುತ್ತದೆ, ಆಯ್ಕೆ ಮಾಡಿದ ಸಾಲೂ ಹೋಗುತ್ತದೆ. ಇದೇ ಸ್ಕ್ರೀನ್ ಗೋಡೆಯ ಟಿವಿಯಲ್ಲೂ ಓಡಬೇಕು, ಅಲ್ಲಿ ಮೌಸ್ ಮುಟ್ಟುವವರಿಲ್ಲ.

ಉತ್ತರ 1:
ಲಿಸ್ಟ್ ತಾನು ಬದಲಾಗಿದ್ದೇನೆ ಎಂದು ಯಾರಿಗೂ ಹೇಳುವುದಿಲ್ಲ. ಮೌಸ್ ಬಂದಾಗ ಗ್ರಿಡ್ ಆ ಸೆಲ್ ಅನ್ನು ಮತ್ತೆ ಬಿಡಿಸುತ್ತದೆ, ಬಿಡಿಸುವಾಗ ಮೌಲ್ಯವನ್ನು ಹೊಸದಾಗಿ ಓದುತ್ತದೆ. ನಿಮಗೆ ಕಂಡ 36 ಅದೇ. ಇದಕ್ಕಿಂತ ಅಪಾಯದ್ದು ಇನ್ನೊಂದಿದೆ: ಲಿಸ್ಟ್‌ನಿಂದ ಸಾಲು ತೆಗೆದರೆ ಗ್ರಿಡ್‌ಗೆ ಹಳೆಯ ಲೆಕ್ಕವೇ ಇರುತ್ತದೆ, ಕೊನೆಯ ಸಾಲು ಮುಟ್ಟಿದ ಕೂಡಲೇ ಇಂಡೆಕ್ಸ್‌ಔಟ್‌ಆಫ್‌ರೇಂಜ್ ಎಕ್ಸೆಪ್ಷನ್ (ಇಲ್ಲದ ಸಾಲನ್ನು ಕೇಳಿದ ದೋಷ).

ತಕ್ಷಣದ ಪರಿಹಾರ, ಬೈಂಡಿಂಗ್‌ಸೋರ್ಸ್‌ನ ರೀಸೆಟ್‌ಬೈಂಡಿಂಗ್ಸ್(ಫಾಲ್ಸ್), ಅಂದರೆ ಎಲ್ಲ ಸಾಲನ್ನೂ ಮತ್ತೆ ಓದು ಎಂದು ಗ್ರಿಡ್‌ಗೆ ಹೇಳುವುದು. ಕಾಲಂಗಳೇ ಬದಲಾದರೆ ಮಾತ್ರ ಟ್ರೂ ಕೊಡಿ. ಒಂದೇ ಸಾಲು ಸಾಕಿದ್ದರೆ ರೀಸೆಟ್‌ಐಟಂ(ಇಂಡೆಕ್ಸ್).

ಸರಿಯಾದ ದಾರಿ ಎಂದರೆ ಲಿಸ್ಟ್ ಬದಲು ಬೈಂಡಿಂಗ್‌ಲಿಸ್ಟ್, ಜೊತೆಗೆ ಸಾಲಿನ ಕ್ಲಾಸ್‌ನಲ್ಲಿ ಐನೋಟಿಫೈಪ್ರಾಪರ್ಟಿಚೇಂಜ್ಡ್. ಎರಡೂ ಬೇಕು: ಮೊದಲನೆಯದು ಸಾಲು ಸೇರಿದ್ದನ್ನು, ಹೋದದ್ದನ್ನು ತಿಳಿಸುತ್ತದೆ, ಎರಡನೆಯದಿಲ್ಲದೆ ಸಾಲಿನೊಳಗಿನ ಬದಲಾವಣೆ ಗೊತ್ತಾಗುವುದಿಲ್ಲ. ಸೆಟರ್‌ನಲ್ಲಿ (ಮೌಲ್ಯ ಬರೆಯುವ ಕೋಡ್) ಹಳೆಯ ಮೌಲ್ಯವೂ ಹೊಸದೂ ಒಂದೇ ಆಗಿದ್ದರೆ ಈವೆಂಟ್ (ಬದಲಾವಣೆಯ ಸುದ್ದಿ) ಎಬ್ಬಿಸದೆ ಹಿಂತಿರುಗಿ. ಆಗ ನಿಜವಾಗಿ ಬದಲಾದ ಏಳೆಂಟು ಸಾಲು ಮಾತ್ರ ಮತ್ತೆ ಬಿಡಿಸಲ್ಪಡುತ್ತವೆ, ಸ್ಕ್ರೋಲ್ ಅಲುಗುವುದಿಲ್ಲ. ಪ್ರತಿ ಸಲ ಹೊಸ ಪಟ್ಟಿ ಕಟ್ಟಬೇಡಿ. ಐಡಿ ಹಿಡಿದು ಹೋಲಿಸಿ ಇರುವ ಸಾಲನ್ನೇ ತಿದ್ದಿ. ನೂರಾರು ಸಾಲು ಒಟ್ಟಿಗೆ ತುಂಬುವಾಗ ಪ್ರತಿ ಸಾಲಿಗೂ ಸುದ್ದಿ ಹೋಗದಂತೆ ಬೈಂಡಿಂಗ್‌ಲಿಸ್ಟ್‌ನ ರೈಸ್‌ಲಿಸ್ಟ್‌ಚೇಂಜ್ಡ್‌ಈವೆಂಟ್ಸ್ ಅನ್ನು ಫಾಲ್ಸ್ ಮಾಡಿ, ಮುಗಿದ ಮೇಲೆ ಟ್ರೂ ಮಾಡಿ, ರೀಸೆಟ್‌ಬೈಂಡಿಂಗ್ಸ್ ಕರೆಯಿರಿ.

ಉತ್ತರ 2:
ಮೇಲಿನದಷ್ಟೇ ಮಾಡಿ ಟೈಮರ್ ಹಾಗೇ ಬಿಟ್ಟರೆ ಕ್ರಾಸ್‌ಥ್ರೆಡ್ ತೊಂದರೆ ಖಂಡಿತ: ಗ್ರಿಡ್ ಅನ್ನು ಅದರದೇ ಯುಐ ಥ್ರೆಡ್ (ಸ್ಕ್ರೀನ್ ನಡೆಸುವ ಕೆಲಸದ ಎಳೆ) ಬಿಟ್ಟು ಬೇರೆ ಥ್ರೆಡ್‌ನಿಂದ ಮುಟ್ಟಬಾರದು. ಸಿಂಕ್ರೊನೈಸಿಂಗ್‌ಆಬ್ಜೆಕ್ಟ್ ಕೊಡದಿದ್ದರೆ ನಿಮ್ಮ ಟೈಮರ್ ಥ್ರೆಡ್‌ಪೂಲ್‌ನಲ್ಲಿ (ಹಿನ್ನೆಲೆಯ ಥ್ರೆಡ್‌ಗಳ ಗುಂಪು) ಓಡುತ್ತದೆ. ಈಗ ಸಾಲು ಬದಲಾದ ಸುದ್ದಿಯೂ ಅದೇ ಥ್ರೆಡ್‌ನಿಂದ ಗ್ರಿಡ್‌ಗೆ ಹೋಗುತ್ತದೆ.

ವಿನ್‌ಫಾರ್ಮ್ಸ್‌ನದೇ ಟೈಮರ್ ಹಾಕಿ, ಅದರ ಟಿಕ್ ಯುಐ ಥ್ರೆಡ್‌ನಲ್ಲೇ ಬರುತ್ತದೆ. ಟಿಕ್ ಹ್ಯಾಂಡ್ಲರ್ ಅನ್ನು ಅಸಿಂಕ್ ಮಾಡಿ: ಮೊದಲ ಸಾಲಿನಲ್ಲೇ ಟೈಮರ್ ಸ್ಟಾಪ್, ನಂತರ ಡೇಟಾಬೇಸ್ ಓದಿಗೆ ಅವೇಟ್ (ಸ್ಕ್ರೀನ್ ತಡೆಯದೆ ಕಾಯುವುದು), ಆಮೇಲೆ ತಿದ್ದುಪಡಿ, ಫೈನಲಿ ಬ್ಲಾಕ್‌ನಲ್ಲಿ (ದೋಷ ಬಂದರೂ ಓಡುವ ಭಾಗ) ಸ್ಟಾರ್ಟ್. ಸ್ಟಾಪ್ ಬಿಟ್ಟರೆ ನಿಧಾನದ ಓದು ಮುಗಿಯುವ ಮೊದಲೇ ಮುಂದಿನ ಟಿಕ್ ಬಂದು ಎರಡು ಓದು ಒಂದರ ಮೇಲೊಂದು ಬೀಳುತ್ತವೆ. ಫಾರ್ಮ್ ಮುಚ್ಚಿದ್ದರೆ ಅವೇಟ್ ಆದ ಮೇಲೆ ಈಸ್‌ಡಿಸ್ಪೋಸ್ಡ್ ನೋಡಿ ಹೊರಬನ್ನಿ. ಫೈನಲಿಯಲ್ಲಿ ಸ್ಟಾರ್ಟ್‌ಗೆ ಮುಂಚೆಯೂ ಅದೇ ಪರೀಕ್ಷೆ ಇರಲಿ.

ಗೋಡೆಯ ಟಿವಿಗೆ ಇನ್ನೊಂದು ಮಾತು. ನೆಟ್‌ವರ್ಕ್ ಕಡಿದಾಗ ಹಳೆಯ ಸಂಖ್ಯೆಗಳು ಸರಿಯಾದವುಗಳಂತೆಯೇ ಕಾಣುತ್ತವೆ. ಕ್ಯಾಚ್‌ನಲ್ಲಿ (ದೋಷ ಹಿಡಿಯುವ ಭಾಗ) ದೋಷವನ್ನು ಸುಮ್ಮನೆ ನುಂಗಬೇಡಿ. ಮೂಲೆಯಲ್ಲಿ ಕೊನೆಯ ಯಶಸ್ವಿ ಓದಿನ ಸಮಯ ತೋರಿಸಿ, 30 ಸೆಕೆಂಡ್ ದಾಟಿದರೆ ಅದನ್ನು ಕೆಂಪು ಮಾಡಿ.

ಪ್ರಶ್ನೆ ಕೇಳಿದವರು:
ಎರಡೂ ಹಾಕಿದೆ, ಮೌಸ್ ಮುಟ್ಟದೆ ಸಂಖ್ಯೆ ಬದಲಾಗುತ್ತಿದೆ, ಧನ್ಯವಾದ. ಆದರೆ ಆಫೀಸಿನ ಗಣಕದಲ್ಲಿ ಒಬ್ಬರು ಸೆಲ್‌ನಲ್ಲಿ ಟೈಪ್ ಮಾಡುತ್ತಿರುವಾಗಲೇ ರೀಸೆಟ್ ಆದರೆ ಅರ್ಧ ಬರೆದದ್ದು ಹೋಗುತ್ತದೆ. ಟೂಲ್‌ಸ್ಟ್ರಿಪ್‌ನ ಸೇವ್ ಒತ್ತಿದರೂ ಕೊನೆಯ ಸೆಲ್ ಉಳಿಯುವುದಿಲ್ಲ.

ಉತ್ತರ 3:
ಮೊದಲನೆಯದಕ್ಕೆ: ಗ್ರಿಡ್‌ನ ಈಸ್‌ಕರೆಂಟ್‌ಸೆಲ್‌ಇನ್‌ಎಡಿಟ್‌ಮೋಡ್ ಟ್ರೂ ಇದ್ದರೆ ಆ ಸುತ್ತನ್ನು ಬಿಟ್ಟುಬಿಡಿ, 10 ಸೆಕೆಂಡಿನಲ್ಲಿ ಮತ್ತೊಂದು ಬರುತ್ತದೆ. ಈ ಪರೀಕ್ಷೆ ಅವೇಟ್ ಆದ ಮೇಲೆ ಇರಬೇಕು, ಏಕೆಂದರೆ ಓದು ನಡೆಯುವಾಗಲೇ ಅವರು ಟೈಪ್ ಶುರು ಮಾಡಬಹುದು.

ಎರಡನೆಯದಕ್ಕೆ: ಟೂಲ್‌ಸ್ಟ್ರಿಪ್ ಬಟನ್ ಒತ್ತಿದರೆ ಫೋಕಸ್ ಗ್ರಿಡ್ ಬಿಟ್ಟು ಹೋಗುವುದಿಲ್ಲ, ಹಾಗಾಗಿ ಬರೆದದ್ದು ಡೇಟಾಗೆ ಇಳಿಯುವುದಿಲ್ಲ. ಸೇವ್‌ನಲ್ಲಿ ಮೊದಲು ಗ್ರಿಡ್‌ನ ಎಂಡ್‌ಎಡಿಟ್, ಆಮೇಲೆ ಬೈಂಡಿಂಗ್‌ಸೋರ್ಸ್‌ನ ಎಂಡ್‌ಎಡಿಟ್, ಅದಾದ ಮೇಲೆ ಡೇಟಾಬೇಸ್‌ಗೆ ಬರೆಯಿರಿ. ಕ್ರಮ ತಿರುಗುಮುರುಗಾದರೆ ಕೊನೆಯ ಸೆಲ್ ಮತ್ತೆ ತಪ್ಪಿಹೋಗಬಹುದು.