ಅಪ್ಪನ ಮನೆಯಲ್ಲೂ ಪಾಲಿಲ್ಲ, ಅಮ್ಮನ ಮನೆಯಲ್ಲೂ ಪಾಲಿಲ್ಲ ಅಂತಾರೆ: ಅಳಿಯಕಟ್ಟಿನವರು ನೀವೇನು ಮಾಡಿದಿರಿ?

ಪ್ರಶ್ನೆ, ಮುಂಬೈಯಿಂದ

ನಮ್ಮದು ಕಾರ್ಕಳ ಕಡೆಯ ಬಂಟ ಕುಟುಂಬ, ಅಳಿಯಕಟ್ಟು, ಅಂದರೆ ಆಸ್ತಿ ತಾಯಿಯ ಕಡೆಯಿಂದ, ಅಕ್ಕತಂಗಿಯರ ಮಕ್ಕಳಿಗೆ ಬರುವ ಪದ್ಧತಿ. ಅಪ್ಪ ತೀರಿಕೊಂಡು ತುಂಬ ವರ್ಷವಾಯಿತು. ಅಮ್ಮ ಹೋದ ವರ್ಷ ಹೋದರು. ನಾನು, ತಮ್ಮ ಇಬ್ಬರೇ ಮಕ್ಕಳು. ಅಪ್ಪನ ಮನೆಯವರು "ನಿಮ್ಮದು ಅಳಿಯಕಟ್ಟಲ್ವಾ, ಮಕ್ಕಳಿಗೆ ಇಲ್ಲಿ ಏನೂ ಬರುವುದಿಲ್ಲ" ಅಂತಾರೆ. ಅಮ್ಮನ ಮನೆಯಲ್ಲಿ ಮಾವಂದಿರು "ಅಳಿಯಕಟ್ಟು 1956ಕ್ಕೇ ಮುಗಿಯಿತು, ಅಪ್ಪನ ಕಡೆ ಹೋಗಿ ಕೇಳಿ" ಅಂತಾರೆ. ಈಗ ದೊಡ್ಡ ಮಾವ ಹಕ್ಕು ಬಿಡುಗಡೆ ಪತ್ರದ ಕರಡು ಕಳಿಸಿದ್ದಾರೆ. ತಂಬಿಲಕ್ಕೆ, ಅಂದರೆ ಕುಟುಂಬದ ದೈವಕ್ಕೆ ಮಾಡುವ ಪೂಜೆಗೆ, ಊರಿಗೆ ಬಂದಾಗ ಸಹಿ ಮಾಡಬೇಕಂತೆ. ನನಗೆ ಜಗಳ ಬೇಡ. ಆದರೆ ಸುಮ್ನೆ ಸಹಿ ಹಾಕುವುದಕ್ಕೂ ಮನಸ್ಸಿಲ್ಲ. ಇಂಥದ್ದನ್ನು ದಾಟಿ ಬಂದವರು ದಯವಿಟ್ಟು ಹೇಳಿ.

ಬಂಟ್ವಾಳದಿಂದ

ತಂಗಿ, ಸಹಿ ಹಾಕಬೇಡಿ. ಜಗಳ ಮಾಡಿ ಅಂತಲ್ಲ. ಯಾವ ಜಾಗ ಯಾವ ದಾರಿಯಲ್ಲಿ ಬಂದದ್ದು ಎಂದು ತಿಳಿಯದೆ ಬಿಡುಗಡೆ ಬರೆದರೆ ಏನನ್ನು ಬಿಟ್ಟುಕೊಟ್ಟಿರಿ ಅಂತ ನಿಮಗೇ ಗೊತ್ತಿರುವುದಿಲ್ಲ. ನಮ್ಮ ಅಮ್ಮ ಹೋದಾಗ ನಮಗೂ ಇದೇ ಎರಡು ಮಾತು ಹೇಳಿದ್ದರು. ಅಪ್ಪನ ಮನೆಯಲ್ಲಿ ಹಳೇ ಕಟ್ಟು ನೆನಪಾಗುತ್ತದೆ, ಅಮ್ಮನ ಮನೆಯಲ್ಲಿ ಹೊಸ ಕಾನೂನು ನೆನಪಾಗುತ್ತದೆ. ಎರಡರ ಮಧ್ಯೆ ಹೆಣ್ಣುಮಗಳು ಬರಿಗೈಯಲ್ಲಿ ನಿಲ್ಲುತ್ತಾಳೆ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೋ! ನನಗೆ ಈಗಲೂ ಸಿಟ್ಟು ಬರುತ್ತದೆ.

ಒಂದು ಕಾಗದ ತೆಗೆದುಕೊಂಡು ಆಸ್ತಿಯನ್ನು ನಾಲ್ಕು ಗುಂಪು ಮಾಡಿ. ಅಪ್ಪ ದುಡಿದು ಮಾಡಿದ್ದು. ಅಪ್ಪನ ಕುಟುಂಬದ್ದು, ಅಂದರೆ ಅಪ್ಪನ ಅಮ್ಮನ ಕವರಿನದ್ದು (ಕವರು ಅಂದರೆ ಒಬ್ಬ ತಾಯಿ, ಅವಳ ಮಕ್ಕಳು ಮತ್ತು ಹೆಣ್ಣುಮಕ್ಕಳ ಮೂಲಕ ಮುಂದುವರಿದ ಸಂತತಿಯ ಕವಲು). ಅಮ್ಮನ ಹೆಸರಿಗೇ ಇದ್ದದ್ದು. ಅಮ್ಮನ ಕುಟುಂಬದ್ದು. ನಾಲ್ಕಕ್ಕೂ ಉತ್ತರ ಬೇರೆ ಬೇರೆ.

ಅಪ್ಪ ಸ್ವಂತ ದುಡಿಮೆಯಲ್ಲಿ ಕೊಂಡದ್ದಕ್ಕೆ ಅವರು ವೀಲುನಾಮೆ ಬರೆದಿರದಿದ್ದರೆ ಹೆಂಡತಿ, ಮಕ್ಕಳು, ಅಪ್ಪನ ತಾಯಿ ಬದುಕಿದ್ದರೆ ಅವರು, ಎಲ್ಲರಿಗೂ ಸಮಪಾಲು. ಮಗಳು ಮಗ ಅಂತ ಭೇದವೇ ಇಲ್ಲ. ಇದಕ್ಕೆ ಅಳಿಯಕಟ್ಟು ಅಡ್ಡ ಬರುವುದೇ ಇಲ್ಲ.

ಅಪ್ಪನ ಕುಟುಂಬದ ಆಸ್ತಿಯ ವಿಷಯಕ್ಕೆ ಹೆಚ್ಚಿನವರು ಎಡವುತ್ತಾರೆ. ಹಳೇ ಕಟ್ಟಿನಲ್ಲಿ ಅದು ಅಪ್ಪನ ಅಕ್ಕತಂಗಿಯರ ಮಕ್ಕಳಿಗೇ ಉಳಿಯುತ್ತಿತ್ತು, ನಿಜ. ಆದರೆ ಹಿಂದೂ ಉತ್ತರಾಧಿಕಾರ ಕಾಯ್ದೆ 1956ರ ಜೂನ್ 17ರಿಂದ ಜಾರಿಯಲ್ಲಿದೆ. ಅದರ 7ನೇ ಕಲಮಿನ ಎರಡನೇ ಭಾಗ ಅಳಿಯಸಂತಾನದವರಿಗೆ, ಅಂದರೆ ನಮ್ಮ ಅಳಿಯಕಟ್ಟಿನವರಿಗೆ ಅಂತಲೇ ಇದೆ. ಸದಸ್ಯರೊಬ್ಬರು ತೀರಿಕೊಂಡರೆ, ಆ ಹೊತ್ತಿಗೆ ಬದುಕಿದ್ದ ಎಲ್ಲರ ತಲೆ ಎಣಿಸಿ ಪಾಲು ಮಾಡಿದ್ದರೆ ಅವರಿಗೆ ಎಷ್ಟು ಬರುತ್ತಿತ್ತೋ ಅಷ್ಟನ್ನು ಅವರದೇ ಪಾಲು ಅಂತ ಲೆಕ್ಕ ಹಿಡಿಯಬೇಕು. ಹತ್ತು ಜನ ಇದ್ದರೆ ಹತ್ತರಲ್ಲೊಂದು. ಆ ಪಾಲು ಅಕ್ಕತಂಗಿಯರ ಮಕ್ಕಳಿಗಲ್ಲ, ಅವರ ವಾರಸುದಾರರಿಗೆ ಹೋಗುತ್ತದೆ. ಹಾಗಾಗಿ ಆ ಆಸ್ತಿ ಪಾಲಾಗದೆ ಇದ್ದಾಗ ಅಪ್ಪ ತೀರಿಕೊಂಡಿದ್ದರೆ, ಅಪ್ಪನ ಮನೆಯಲ್ಲೂ ನಿಮಗೆ ಕೇಳಲು ಜಾಗ ಇದೆ.

ಅಮ್ಮನ ಕಡೆಗೂ ಇದೇ ಲೆಕ್ಕ. ಮಾವಂದಿರು ಹೇಳುವ ಹಾಗೆ 1956ಕ್ಕೆ ಎಲ್ಲ ಮುಗಿಯಿತು ಅನ್ನುವುದು ಸರಿಯಲ್ಲ. ಸತ್ತವರ ಪಾಲು ಹೋಗುವ ದಾರಿ ಬದಲಾಯಿತು, ಅಷ್ಟೇ. ಅಮ್ಮನ ಪಾಲು ಎಲ್ಲಿಗೂ ಮಾಯವಾಗಲಿಲ್ಲ.

ಅದರ ಮೇಲೆ 17ನೇ ಕಲಮು ಅಂತ ಒಂದಿದೆ. ಬೇರೆ ಹಿಂದೂ ಹೆಂಗಸು ವೀಲುನಾಮೆ ಬರೆಯದೆ ತೀರಿಕೊಂಡರೆ ಆಸ್ತಿ ಮೊದಲು ಮಕ್ಕಳು ಮತ್ತು ಗಂಡನಿಗೆ. ನಮ್ಮ ಕಟ್ಟಿನ ಹೆಂಗಸಾದರೆ ಮೊದಲು ಮಕ್ಕಳು ಮತ್ತು ಅವಳ ತಾಯಿಗೆ. ಗಂಡ, ತಂದೆ ಎರಡನೇ ಸಾಲಿನಲ್ಲಿ. ನಿಮ್ಮ ಅಜ್ಜಿ ಬದುಕಿದ್ದರೆ ಅಮ್ಮನ ಆಸ್ತಿ ನೀವು, ತಮ್ಮ, ಅಜ್ಜಿ ಮೂವರಿಗೆ. ಅಜ್ಜಿ ಇಲ್ಲದಿದ್ದರೆ ನಿಮ್ಮಿಬ್ಬರಿಗೇ. ಮಂಗಳೂರಿನ ಒಳ್ಳೆಯ ವಕೀಲರೊಬ್ಬರು ಈ ಕಲಮನ್ನು ಬೆರಳಿಟ್ಟು ಓದಿಸಿದ ಮೇಲೆಯೇ ನಮ್ಮ ಮನೆಯಲ್ಲಿ ಮಾತು ತಣ್ಣಗಾಯಿತು. ಬೇರೆ ಜಿಲ್ಲೆಯ ವಕೀಲರಿಗೆ ಇದು ಅಷ್ಟಾಗಿ ಅಭ್ಯಾಸ ಇರುವುದಿಲ್ಲ. ಆದ್ದರಿಂದ ಉಡುಪಿ, ಮಂಗಳೂರು, ಕಾರ್ಕಳದಲ್ಲೇ ಕೇಳಿ.

ಇನ್ನೊಂದು ಮಾತು. 2005ರ ತಿದ್ದುಪಡಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಬಂತು ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಮಕ್ಕಳಕಟ್ಟಿನ, ಅಂದರೆ ಅಪ್ಪನಿಂದ ಮಕ್ಕಳಿಗೆ ಆಸ್ತಿ ಬರುವ ಪದ್ಧತಿಯ ಅವಿಭಕ್ತ ಕುಟುಂಬಕ್ಕೆ. ನೀವು ಅದನ್ನು ಹಿಡಿದು ಮಾತಾಡಿದರೆ ಮಾವ ತಕ್ಷಣ "ಅದು ನಮಗಲ್ಲ" ಅಂದುಬಿಡುತ್ತಾರೆ. ನಿಮ್ಮ ಬಲ 7 ಮತ್ತು 17ರಲ್ಲಿದೆ.

ಉಡುಪಿಯಿಂದ

ಅಕ್ಕ ಹೇಳಿದ್ದು ಪಾಲಾಗದ ಕುಟುಂಬಕ್ಕೆ. ಮೊದಲೇ ಪಾಲುಪಟ್ಟಿ ಆಗಿದೆಯೇ ಅಂತಲೂ ನೋಡಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಬಂದ ಮೇಲೆ ತುಂಬ ಕುಟುಂಬಗಳು ಕವರು ಲೆಕ್ಕದಲ್ಲಿ ಪಾಲಾದವು. ಅದಕ್ಕೆ ಮುಂಚೆ ಒಬ್ಬರೇ ನಿಂತು ಪಾಲು ಕೊಡಿ ಅನ್ನುವ ಹಾಗಿರಲಿಲ್ಲ, ಎಲ್ಲರೂ ಒಪ್ಪಬೇಕಿತ್ತು. ಆ ಕಾಯ್ದೆಯಲ್ಲಿ ಐವತ್ತು ವರ್ಷ ತುಂಬದ ಒಬ್ಬ ಹೆಂಗಸಾದರೂ ಇರುವುದು ಸಂತತಿ ಕವರು, ಇಲ್ಲದ್ದು ನಿಸ್ಸಂತತಿ ಕವರು. ನಿಸ್ಸಂತತಿ ಕವರಿಗೆ ಬದುಕಿರುವ ತನಕ ಅನುಭವಿಸುವ ಹಕ್ಕು ಮಾತ್ರ ಅಂತ ಬರೆದ ಪಾಲುಪಟ್ಟಿಗಳು ಇವೆ. ಮಕ್ಕಳಿಲ್ಲದ ನಮ್ಮ ದೊಡ್ಡಮ್ಮನ ಪಾಲಿಗೆ ಹಾಗೇ ಬರೆದಿತ್ತು. ಆಮೇಲೆ ಅದು ಯಾರಿಗೆ ಅಂತ ದೊಡ್ಡ ವ್ಯಾಜ್ಯವೇ ಆಯಿತು. ನಿಮ್ಮ ಅಮ್ಮನ ಹೆಸರು ಯಾವ ಕವರಿನಲ್ಲಿದೆ, ಆ ಸಾಲು ಹೇಗೆ ಬರೆದಿದೆ ಅಂತ ಅಕ್ಷರ ಅಕ್ಷರ ಓದಿ.

ಯಜಮಾನಿಕೆ ಬಗ್ಗೆಯೂ ಹೇಳಬೇಕು. ದೊಡ್ಡ ಮಾವ ಯಜಮಾನರಾಗಿದ್ದರೆ ಅವರು ಆಸ್ತಿ ನೋಡಿಕೊಳ್ಳುವವರು, ಒಡೆಯರಲ್ಲ. ನಮ್ಮ ಕಟ್ಟಿನಲ್ಲಿ ಎಲ್ಲರಿಗಿಂತ ಹಿರಿಯಳು ಹೆಂಗಸಾಗಿದ್ದರೆ ಅವಳೇ ಯಜಮಾನ್ತಿ. ಇದನ್ನು ಹೊಸ ಕಾನೂನು ತಂದದ್ದಲ್ಲ, ಮೊದಲಿನಿಂದಲೂ ಇದ್ದದ್ದೇ. ಎಷ್ಟು ಮನೆಗಳಲ್ಲಿ ಇದನ್ನು ಮರೆಸಿಬಿಟ್ಟಿದ್ದಾರೆ ಅಂದರೆ ಬೇಸರವಾಗುತ್ತದೆ.

ಬೆಳ್ತಂಗಡಿಯಿಂದ

ತಂಬಿಲದ ದಿನ ಸಹಿ ಅಂತ ಓದಿದ ಕೂಡಲೇ ನನಗೆ ಗೊತ್ತಾಯಿತು. ನಮ್ಮಲ್ಲೂ ಹೀಗೇ. ಚಾವಡಿಯಲ್ಲಿ ದೀಪ ಹಚ್ಚಿ, ಎಲೆಯಲ್ಲಿ ಅವಲಕ್ಕಿ, ಎಳನೀರು ಇಟ್ಟು ಕೈಮುಗಿದು ಎದ್ದೆವು. ಪ್ರಸಾದ ಕೈಯಲ್ಲಿರುವಾಗಲೇ ಛಾಪಾ ಕಾಗದ ಮುಂದೆ ಬಂತು. "ದೈವದ ಜಾಗವನ್ನು ತುಂಡು ಮಾಡಿದರೆ ಒಳ್ಳೆಯದಾಗುವುದಿಲ್ಲ" ಅಂದರು. ಚಿಕ್ಕಮ್ಮ ಕಣ್ಣೀರು ಹಾಕುತ್ತಾ ಪೆನ್ನು ಹಿಡಿದರು. ಆಗ ಅಜ್ಜಿ ಎದ್ದು, "ದೈವ ನನ್ನದೂ ಹೌದು. ಇವತ್ತು ಯಾರೂ ಏನೂ ಬರೆಯುವುದು ಬೇಡ" ಅಂದರು. ಅಜ್ಜಿಯ ಮಾತಿಗೆ ಯಾರೂ ಎದುರಾಡಲಿಲ್ಲ.

ಆಮೇಲೆ ಮಾಡಿದ ಪಾಲುಪಟ್ಟಿಯಲ್ಲಿ ಚಾವಡಿ, ದೈವದ ಗುಡಿ, ಅಲ್ಲಿಗೆ ಹೋಗುವ ದಾರಿ ಎಲ್ಲರ ಹೆಸರಿನಲ್ಲೂ ಜಂಟಿಯಾಗಿ ಉಳಿಯಿತು. ನೇಮದ (ದೈವದ ಉತ್ಸವದ) ಖರ್ಚು ಎಲ್ಲ ಕವರುಗಳಿಗೂ ಅಂತ ಬರೆಸಿದೆವು. ತೋಟ, ಗದ್ದೆ ಮಾತ್ರ ಪಾಲಾಯಿತು. ಭಕ್ತಿಗೂ ಪಾಲಿಗೂ ಜಗಳ ಹಚ್ಚುವವರಿಗೆ ಇದನ್ನೇ ತೋರಿಸಿ. ನಮ್ಮಲ್ಲಿ ಈಗಲೂ ಎಲ್ಲರೂ ತಂಬಿಲಕ್ಕೆ ಸೇರುತ್ತೇವೆ.

ಪುತ್ತೂರಿನಿಂದ, ಪತ್ರ ಬರಹಗಾರರ ಕಚೇರಿಯಲ್ಲಿ ಕೆಲಸ ಮಾಡಿದವನು

ಮೇಡಂ, ಕಾಗದದ ವಿಷಯ ಹೇಳ್ತೇನೆ. ಆರ್‌ಟಿಸಿಯಲ್ಲಿ ಮಾವನ ಹೆಸರು ಒಂದೇ ಇದೆ ಅಂತ ಹೆದರಬೇಡಿ. ಆರ್‌ಟಿಸಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ಬರುವುದಿಲ್ಲ. ಹಳೇ ಕಂದಾಯ ದಾಖಲೆಗಳಾದ ಅಡಂಗಲ್, ವರ್ಗದ ದಾಖಲೆ, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ, ಹಿಂದಿನ ಪಾಲುಪಟ್ಟಿಗಳ ದೃಢೀಕೃತ ನಕಲು ತೆಗೆಸಿ. ಡಿಕ್ಲರೇಶನ್ ಆದ ಜಾಗ, ಅಂದರೆ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಸಿಕ್ಕಿದ ಜಾಗ ಇದ್ದರೆ ಭೂನ್ಯಾಯ ಮಂಡಳಿಯ ಆದೇಶ ಮತ್ತು 7ನೇ ನಮೂನೆ ಅರ್ಜಿಯ ನಕಲು ಕೇಳಿ. ಗೇಣಿ ಇಡೀ ಕುಟುಂಬದ್ದಾಗಿದ್ದು, ಅರ್ಜಿ ಮಾತ್ರ ಒಬ್ಬರ ಹೆಸರಲ್ಲಿ ಹಾಕಿದ್ದರೆ, ಆ ಜಾಗ ಅವರೊಬ್ಬರದ್ದು ಅಂತ ಆಗುವುದಿಲ್ಲ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ, ನೀವೇ ಕೆದಕಬೇಕು.

ವಂಶವೃಕ್ಷ ಮಾಡಿಸುವಾಗ ನಿಮ್ಮ ಹೆಸರು ಬಿಟ್ಟಿದ್ದಾರೆಯೇ ನೋಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡುವುದು ಜಾಸ್ತಿ. ಮುಂಬೈಯಿಂದ ಬರುವುದು ಕಷ್ಟ ಅಂತ ಅಧಿಕಾರ ಪತ್ರ ಬರೆದುಕೊಡಿ ಅಂದರೂ ಕೊಡಬೇಡಿ. ಬಿಡುಗಡೆ ಪತ್ರ ನೋಂದಣಿ ಆದ ಮೇಲೆ ಅದನ್ನು ರದ್ದು ಮಾಡಿಸಲು ಕೋರ್ಟು ಹತ್ತಬೇಕು, ಮೋಸ ಆಗಿದೆ ಅಂತ ರುಜುವಾತು ಮಾಡಬೇಕು.

ತುಂಬ ದಿನ ಸುಮ್ಮನೆ ಕೂರಲೂಬೇಡಿ. ಕುಟುಂಬದ ಆಸ್ತಿಯಿಂದ ನಿಮ್ಮನ್ನು ಹೊರಗಿಟ್ಟಿದ್ದಾರೆ ಅಂತ ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹಾಕಬೇಕು. ಮಾವನಿಗೆ ವಾಟ್ಸಾಪಿನಲ್ಲಿ ಏನೇ ಉತ್ತರ ಕೊಟ್ಟರೂ "ನನಗೆ ಪಾಲು ಬೇಡ" ಅನ್ನುವ ಮಾತು ಬರೆಯಬೇಡಿ. ದಾಖಲೆ ನೋಡಿ ಹೇಳುತ್ತೇನೆ ಅಂತಷ್ಟೇ ಬರೆಯಿರಿ. ವಕೀಲರ ಖರ್ಚಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡಿ. ಹೆಂಗಸರಿಗೆ ಅಲ್ಲಿ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಇದೆ. ರಾಜಿ ಮಾತುಕತೆಗೆ ಎರಡೂ ಕಡೆಯವರನ್ನು ಕೂರಿಸುವುದೂ ಅಲ್ಲೇ ಆಗುತ್ತದೆ. ನಿಮಗೆ ಜಗಳ ಬೇಡ ಅಂದಿರಲ್ಲ, ಮಾವಂದಿರನ್ನು ಮೊದಲು ಅಲ್ಲಿಗೇ ಕರೆಸಿ.