ಮಗಳ ಕಣ್ಣು, ನನ್ನ ಪುಸ್ತಕ: ಚಿಟ್ಟೆ ದಾಖಲೆಗೆ ಅನುಭವಿಗಳ ಸಲಹೆ ಬೇಕು

ಸುತ್ತಮುತ್ತ ಕಾಣುವ ಚಿಟ್ಟೆ ಮತ್ತು ಡ್ಯಾಮ್ಸೆಲ್‌ಫ್ಲೈಗಳನ್ನು (ಏರೋಪ್ಲೇನ್ ಚಿಟ್ಟೆಯನ್ನು ಹೋಲುವ, ಕಡ್ಡಿಯಂಥ ತೆಳು ಮೈಯ ಕೀಟಗಳು) ದಾಖಲಿಸಲು ಆರಂಭಿಸಿದ್ದೇನೆ. ನನ್ನ ದೃಷ್ಟಿ ಮಂದವಾಗಿರುವುದರಿಂದ 12 ವರ್ಷದ ಮಗಳೇ ಹುಡುಕಿ ತೋರಿಸುತ್ತಾಳೆ. ದಾಖಲೆ ಇತರರಿಗೂ ಉಪಯೋಗಕ್ಕೆ ಬರಬೇಕಾದರೆ ನಾವಿಬ್ಬರೂ ಕೆಲಸವನ್ನು ಹೇಗೆ ಹಂಚಿಕೊಳ್ಳಬೇಕು?

ಉತ್ತರ 1
ನಮ್ಮ ಮನೆಯಲ್ಲಿ ಕ್ಯಾಮೆರಾ ನನ್ನದು, ಪುಸ್ತಕ ಅಮ್ಮನದು. ಕಂಡ ಜಾಗದಲ್ಲೇ ನಿಂತು ದಿನಾಂಕ, ಹೊತ್ತು, ಸ್ಥಳ, ಎಷ್ಟಿದ್ದವು, ಮೊದಲು ಕಂಡವರು ಯಾರು ಎಂಬುದನ್ನೆಲ್ಲ ಅವರು ಬರೆದುಕೊಳ್ಳುತ್ತಾರೆ. ಕ್ಯಾಮೆರಾದ ಗಡಿಯಾರ ಒಂದು ದಿನ ಹಿಂದಿದೆ ಎಂಬುದು ಎರಡು ತಿಂಗಳ ಬಳಿಕ ನನ್ನ ಗಮನಕ್ಕೆ ಬಂದಾಗ ಅಷ್ಟೂ ಚಿತ್ರಗಳ ದಿನಾಂಕವನ್ನು ಸರಿಪಡಿಸಲು ಸಾಧ್ಯವಾದದ್ದು ಆ ಪುಸ್ತಕದಿಂದಲೇ. ಹೆಸರು ತಿಳಿಯದಿದ್ದರೆ ಅಮ್ಮ ‘ನೀಲಿ, ಬಾಲದ ತುದಿ ಕಪ್ಪು’ ಎಂದಷ್ಟೇ ಬರೆಯುತ್ತಾರೆ. ಊಹಿಸಿ ಬರೆದ ಹೆಸರಿಗಿಂತ ಅದೇ ಮೇಲು.

ಉತ್ತರ 2
ಚಿಟ್ಟೆಯಾದರೆ ರೆಕ್ಕೆಯ ಮೇಲ್ಬದಿ, ಕೆಳಬದಿ ಎರಡರ ಚಿತ್ರವೂ ಇರಲಿ. ತೊಡಕಿರುವುದು ಡ್ಯಾಮ್ಸೆಲ್‌ಫ್ಲೈಗಳಲ್ಲಿ. ಆಗತಾನೆ ರೆಕ್ಕೆ ಬಂದಾಗ ಮಸುಕಾಗಿದ್ದು ಬಲಿಯುತ್ತ ಹೋದಂತೆ ಬಣ್ಣ ಬದಲಿಸುವ ಈ ಕೀಟಗಳನ್ನು ಬಣ್ಣದಿಂದಷ್ಟೇ ಗುರುತಿಸಹೊರಟರೆ ಮೋಸಹೋಗುತ್ತೇವೆ. ಎದೆಯ ಪಕ್ಕದ ಪಟ್ಟೆಗಳು, ಉದರದ ಕೊನೆಯ ಖಂಡಗಳು, ಗಂಡಾದರೆ ತುದಿಯಲ್ಲಿರುವ ಚಿಕ್ಕ ಚಿಮಟದಂಥ ಅಂಗ ಸ್ಪಷ್ಟವಾಗಿ ಕಾಣುವಂತೆ ಪಕ್ಕದಿಂದ ಚಿತ್ರ ತೆಗೆಯಬೇಕು. ಆದರೆ ಅದು ಬಿಡಬೇಕಲ್ಲ! ಹುಲ್ಲಿನ ಕಡ್ಡಿಯ ಮೇಲೆ ಕುಳಿತದ್ದು ನಾವು ಸಮೀಪಿಸಿದಾಗ ಹಲವು ಬಾರಿ ಹಾರಿಹೋಗುವ ಬದಲು ಕಡ್ಡಿಯ ಹಿಂಬದಿಗೆ ಸರಿದುಕೊಳ್ಳುತ್ತದೆ. ಒಂದಕ್ಕೊಂದು ದೂರವಿರುವ ಅದರ ಕಣ್ಣುಗಳು ಮಾತ್ರ ಕಡ್ಡಿಯ ಎರಡೂ ಬದಿಯಿಂದ ಇಣುಕುತ್ತಿರುತ್ತವೆ. ಆಗ ನನ್ನ ತಮ್ಮ ಆಚೆ ನಿಂತು ಮೆಲ್ಲನೆ ಕೈಯಾಡಿಸುತ್ತಾನೆ, ಅದು ಸುತ್ತಿ ನನ್ನ ಕಡೆಗೆ ಬರುತ್ತದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ.

ಉತ್ತರ 3
ಚಿತ್ರಗಳ ಜೊತೆಗೆ ಎಣಿಕೆಯೂ ಬೇಕು ಎನ್ನುವವನು ನಾನು. ಬ್ರಿಟನ್ನಿನಲ್ಲಿ 1976ರಿಂದ ನಡೆಯುತ್ತಿರುವ ಚಿಟ್ಟೆ ಗಣತಿಯಲ್ಲಿ ಗೊತ್ತುಪಡಿಸಿದ ಒಂದೇ ದಾರಿಯಲ್ಲಿ ನಿಧಾನವಾಗಿ ನಡೆಯುತ್ತ, 5 ಮೀಟರ್ ಅಗಲದೊಳಗೆ ಕಂಡವನ್ನಷ್ಟೇ ಎಣಿಸುತ್ತಾರೆ. ನಿಮಗೂ ಇದು ಒಗ್ಗುತ್ತದೆ: ಮಗಳು ಮುಂದೆ ನಡೆಯುತ್ತ ಕೂಗಿ ಹೇಳಲಿ, ನೀವು ಹಿಂದಿನಿಂದ ಪುಸ್ತಕದಲ್ಲಿ ಒಂದೊಂದಕ್ಕೂ ಒಂದು ಗೆರೆ ಎಳೆದುಕೊಳ್ಳಿ. ಒಂದೂ ಕಾಣದ ದಿನ ಸೊನ್ನೆ ಎಂದು ಬರೆಯುವುದನ್ನು ಮರೆಯಬೇಡಿ. ನಾನು ಮೊದಲ ವರ್ಷ ಆ ದಿನಗಳನ್ನು ಖಾಲಿ ಬಿಟ್ಟಿದ್ದರಿಂದ, ಅಂದು ಚಿಟ್ಟೆಗಳಿರಲಿಲ್ಲವೋ ನಾನೇ ಹೋಗಿರಲಿಲ್ಲವೋ ಎಂಬುದು ಈಗ ನನಗೇ ತಿಳಿಯುತ್ತಿಲ್ಲ.