ಯುದ್ಧದ ನಂತರದ ಸೋವಿಯತ್ ಸರಕು ಹಡಗುಗಳು: ಪಟ್ಟಿಯಲ್ಲಿದ್ದದ್ದೆಷ್ಟು, ಓಡುತ್ತಿದ್ದದ್ದೆಷ್ಟು?

ದಕ್ಕೆಹಕ್ಕಿ

1946ರಿಂದ 1956ರವರೆಗಿನ ಸೋವಿಯತ್ ಸರಕು ಹಡಗುಗಳ ಪಟ್ಟಿ ಮಾಡುತ್ತಿದ್ದೇನೆ. ಲೋಕದ ಹಡಗುಗಳ ವಿವರ ಅಚ್ಚುಹಾಕುವ ಲಾಯ್ಡ್ಸ್ ರಿಜಿಸ್ಟರಿನ ಹಳೆಯ ಸಂಪುಟಗಳಿಂದ ಹೆಸರು, ಕಟ್ಟಿದ ವರ್ಷ, ಟನ್ನೇಜು ಎತ್ತಿಕೊಂಡಾಗಿದೆ. ಈಗ ಮೂರು ಕಡೆ ಸಿಕ್ಕುಬಿದ್ದಿದೆ.

ಹಡಗುಗಳೆಲ್ಲ ಸರ್ಕಾರದ್ದೇ ಸರಿ. ಆದರೆ ಇಂಥ ಹಡಗು ಇಂಥ ಬಂದರಿಗೆ ಹೋಗಲಿ ಎಂದು ನಿಜಕ್ಕೂ ಹೇಳುತ್ತಿದ್ದವರು ಯಾರು? ಮಾಸ್ಕೋದ ಸಚಿವಾಲಯವೋ, ಬಂದರಿನಲ್ಲಿದ್ದ ಹಡಗು ಕಂಪನಿಯೋ?

ಇನ್ನೊಂದು, ಪಟ್ಟಿಯಲ್ಲಿ ಒಂದೇ ಅಳತೆಯ ಹಡಗುಗಳು ಹತ್ತಾರಿವೆ. ಅವು ಅಮೆರಿಕ ಯುದ್ಧಕಾಲದಲ್ಲಿ ಒಂದೇ ಅಚ್ಚಿನಲ್ಲಿ ಕಟ್ಟಿದ ಲಿಬರ್ಟಿ ಸರಕು ಹಡಗುಗಳೇ ಎಂದು ಖಚಿತ ಮಾಡಿಕೊಳ್ಳುವುದು ಹೇಗೆ?

ಮುಖ್ಯವಾದದ್ದು ಕೊನೆಗೆ: ಟನ್ನೇಜಿನ ಕಾಲಮ್ಮನ್ನು ಕೂಡಿ ಬಂದ ಮೊತ್ತವನ್ನೇ ಸರಕು ಸಾಗಿಸುವ ಶಕ್ತಿ ಎಂದು ಬರೆದರೆ ತಪ್ಪಾಗುತ್ತದೆಯೆ?

ಹಳೇಲಂಗರು

ಮೊದಲ ಪ್ರಶ್ನೆಗೆ ಉತ್ತರ. ಜಲಸಾರಿಗೆಯ ಒಂದೇ ಇಲಾಖೆಯನ್ನು 1939ರಲ್ಲಿ ಕಡಲಿಗೊಂದು, ನದಿಗೊಂದು ಎಂದು ಸೀಳಿದರು. 1946ರ ಮಾರ್ಚಿನಲ್ಲಿ ಆಗ ಕಮಿಸಾರಿಯಟ್ ಎಂದು ಕರೆಯುತ್ತಿದ್ದ ಇಲಾಖೆಗಳೆಲ್ಲ ಸಚಿವಾಲಯಗಳಾದಾಗ ಇದೂ ಆಯಿತು. 1953ರ ಮಾರ್ಚಿನಲ್ಲಿ ಕಡಲು, ನದಿ ಎರಡನ್ನೂ ಮತ್ತೆ ಕೂಡಿಸಿದರು. 1954ರ ಆಗಸ್ಟಿನಲ್ಲಿ ಮತ್ತೆ ಬೇರೆ ಮಾಡಿದರು. ಹಾಗಾಗಿ 1953–54ರ ಯಾವುದೇ ಅಂಕಿಯಲ್ಲಿ ನದಿಯ ದೋಣಿ, ಬಾರ್ಜು ನುಸುಳಿವೆಯೇ ಎಂದು ನೋಡಿಕೊಳ್ಳಿ. ಯುದ್ಧಕಾಲದಿಂದ 1948ರವರೆಗೆ ಕಡಲ ಇಲಾಖೆಯ ಮುಖ್ಯಸ್ಥರಾಗಿದ್ದವರು ಪ್ಯೋತ್ರ್ ಶಿರ್ಶೋವ್. ಉತ್ತರ ಧ್ರುವದ ಮಂಜುಗಡ್ಡೆಯ ಮೇಲೆ 1937–38ರಲ್ಲಿ ತೇಲಿದ ನಾಲ್ವರಲ್ಲಿ ಒಬ್ಬರಾದ ಜೀವವಿಜ್ಞಾನಿ ಅವರೇ. 1954ರಿಂದ 1970ರವರೆಗೆ ವಿಕ್ಟರ್ ಬಕಾಯೆವ್.

ಸಚಿವಾಲಯದ ಕೆಳಗೆ 'ಪಾರೊಖೊದ್‌ಸ್ತ್ವೊ', ಅಂದರೆ ಪ್ರಾದೇಶಿಕ ಹಡಗು ಸಂಸ್ಥೆ. ಕಪ್ಪು ಸಮುದ್ರಕ್ಕೆ ಒಡೆಸ್ಸಾ, ದೂರಪ್ರಾಚ್ಯಕ್ಕೆ ವ್ಲಾದಿವೊಸ್ತೊಕ್, ಬಾಲ್ಟಿಕ್‌ಗೆ ಲೆನಿನ್‌ಗ್ರಾದ್. ಹೀಗೆಯೇ ಮುರ್ಮಾನ್ಸ್ಕ್, ಅರ್ಖಾಂಗೆಲ್ಸ್ಕ್, ಕ್ಯಾಸ್ಪಿಯನ್. ಹಡಗಿನ ಲೆಕ್ಕಪತ್ರ, ಸಿಬ್ಬಂದಿ, ರಿಪೇರಿಯ ಸರದಿ ಇವರ ಕೈಯಲ್ಲಿ. ಎಷ್ಟು ಟನ್, ಎಷ್ಟು ಟನ್-ಮೈಲಿ (ಸರಕಿನ ಟನ್ನನ್ನು ಸಾಗಿದ ಮೈಲಿಯಿಂದ ಗುಣಿಸಿದ ಅಂಕಿ) ಸಾಗಿಸಬೇಕೆಂಬ ಯೋಜನೆ ಮಾತ್ರ ಮಾಸ್ಕೋದಿಂದ. ಕಂಪನಿ ಎಂಬ ಪದ ನಮ್ಮಲ್ಲಿ ಹುಟ್ಟಿಸುವ ಸ್ವಾತಂತ್ರ್ಯದ ಭಾವನೆ ಇಲ್ಲಿಗೆ ಹೊಂದುವುದಿಲ್ಲ. ಬಾಡಿಗೆ ದರ ನೋಡಿ ಮಾರ್ಗ ಬದಲಿಸುವ ಹಕ್ಕು ಅವರಿಗಿರಲಿಲ್ಲ.

ವಿದೇಶಿ ಹಡಗನ್ನು ಬಾಡಿಗೆಗೆ ಹಿಡಿಯುವುದು, ಹೊರದೇಶದ ಸರಕಿಗೆ ಜಾಗ ಗೊತ್ತುಮಾಡುವುದು ಸೋವ್‌ಫ್ರಾಖ್ತ್ ಕೆಲಸ. ಅದು ಆಗ ವಿದೇಶಿ ವ್ಯಾಪಾರದವರ ಕೆಳಗಿತ್ತು. ಸೋವಿಯತ್ ಬಂದರಿಗೆ ಬಂದ ವಿದೇಶಿ ಹಡಗಿನ ಏಜೆಂಟು ಇನ್‌ಫ್ಲೋತ್. ಸರಕು ಒಬ್ಬರ ಕೈಲಿ, ಹಡಗು ಇನ್ನೊಬ್ಬರ ಕೈಲಿ. ಅರ್ಧ ತುಂಬಿದ ಹಡಗು ದಕ್ಕೆಯಲ್ಲಿ ಕಾಯುತ್ತ ನಿಂತರೆ ದೂರು ಎರಡು ಸಚಿವಾಲಯಗಳ ನಡುವೆ ಓಡಾಡುತ್ತಿತ್ತು.

ನಿಮ್ಮ ಪಟ್ಟಿಗೆ ಬೇಕಾದ ಎಚ್ಚರಿಕೆ ಒಂದಿದೆ. ಧ್ವಜ ಒಂದೇ ಆದರೂ ಎಲ್ಲ ಹಡಗುಗಳು ಈ ಸಚಿವಾಲಯದ್ದಲ್ಲ. ಉತ್ತರ ಸಮುದ್ರಮಾರ್ಗದ ಆಡಳಿತ 'ಗ್ಲಾವ್‌ಸೆವ್‌ಮೊರ್‌ಪುತ್' 1953ರವರೆಗೆ ತನ್ನದೇ ಹಡಗುಗಳನ್ನು ಇಟ್ಟುಕೊಂಡಿತ್ತು. ಮೀನುಗಾರಿಕೆಯದು ಬೇರೆ. ದೂರಪ್ರಾಚ್ಯದ ಕೊಲಿಮಾದಲ್ಲಿ ಕೈದಿಗಳ ಶಿಬಿರ, ಗಣಿಗಳನ್ನು ನಡೆಸುತ್ತಿದ್ದ ದಾಲ್‌ಸ್ತ್ರೊಯ್‌ಗೂ ಸ್ವಂತ ಹಡಗುಗಳಿದ್ದವು. ಜುರ್ಮಾ, ಫೆಲಿಕ್ಸ್ ಜೆರ್ಜಿನ್ಸ್ಕಿ, ಸೊವ್‌ಲಾತ್ವಿಯಾ ಎಂಬ ಹೆಸರು ಕಂಡರೆ ಬೇರೆ ಕಾಲಮ್ಮಿಗೆ ಹಾಕಿ.

ಉಗಿಯಂತ್ರ

ಲಿಬರ್ಟಿ ಗುರುತಿಸುವುದು ಸುಲಭ. ರಿಜಿಸ್ಟರಿನಲ್ಲಿ ಗ್ರಾಸ್ ಟನ್ನೇಜು 7,176ರ ಆಸುಪಾಸು, ಅಳತೆ 422.8 × 57.0 × 34.8 ಅಡಿ, ಕಟ್ಟಿದ್ದು 1942–44, ಟ್ರಿಪಲ್ ಎಕ್ಸ್‌ಪಾನ್ಶನ್ (ಉಗಿ ಮೂರು ಸಿಲಿಂಡರುಗಳಲ್ಲಿ ಸರದಿಯಾಗಿ ಹಿಗ್ಗುವ) ಎಂಜಿನ್, ಸಿಲಿಂಡರು 24½, 37, 70 ಇಂಚು, ಸ್ಟ್ರೋಕ್ 48 ಇಂಚು. ಎಂಜಿನ್ನಿನ ಈ ಅಂಕಿಗಳು ಬೇರೆ ಯುದ್ಧಕಾಲದ ಹಡಗುಗಳಲ್ಲೂ ಇವೆ, ಅವುಗಳ ಜೊತೆ ಹಡಗಿನ ಅಳತೆಯೂ ಕೂಡಿಬಂದರೆ ಹೆಸರು ಏನೇ ಇರಲಿ, ಲಿಬರ್ಟಿಯೇ. ಪುಸ್ತಕಗಳಲ್ಲಿ ಕಾಣುವ 441½ ಅಡಿ ಹಡಗಿನ ಒಟ್ಟು ಉದ್ದ. ರಿಜಿಸ್ಟರಿನ ಉದ್ದ ಬೇರೆ, ಅದಕ್ಕೇ ಬಹಳ ಮಂದಿ ಎಡವುತ್ತಾರೆ. ಸೋವಿಯತ್ತಿಗೆ ಬಂದವು ಸುಮಾರು 40. ಅಮೆರಿಕ ಯುದ್ಧಕಾಲದಲ್ಲಿ ಮಿತ್ರರಾಷ್ಟ್ರಗಳಿಗೆ ಸಾಮಗ್ರಿ ಕೊಟ್ಟ ಲೆಂಡ್-ಲೀಸ್ ಯೋಜನೆಯ ಸಾಲದ ತಕರಾರು ಇತ್ಯರ್ಥವಾದದ್ದು 1972ರಲ್ಲಿ. ಅಲ್ಲಿಯವರೆಗೂ ಅವು ಬೇರೆಯವರ ಹಡಗೆಂಬ ವಾದ ಕಾಗದದ ಮೇಲೆ ಜೀವಂತವಾಗಿಯೇ ಇತ್ತು.

ಸ್ಥಿತಿಯ ಮಾತು ಬಂದಾಗ ಎಲ್ಲರೂ ಮೊದಲು ಹೇಳುವುದು ಬಿರುಕು. ಅದು ನಿಜ. 1943ರ ಡಿಸೆಂಬರಿನಲ್ಲಿ ವಾಲೆರಿ ಚ್ಕಾಲೊವ್ ಎಂಬ ಲಿಬರ್ಟಿ ಬೇರಿಂಗ್ ಸಮುದ್ರದಲ್ಲಿ ಎರಡು ಹೋಳಾಯಿತು. ಎರಡೂ ಹೋಳುಗಳನ್ನು ಎಳೆದು ತಂದು ಮತ್ತೆ ಜೋಡಿಸಿದರು. 1946ರ ಫೆಬ್ರವರಿಯಲ್ಲಿ ದೊನ್‌ಬಾಸ್ ಎಂಬ ಟಿ-2 ಟ್ಯಾಂಕರು ಉತ್ತರ ಪೆಸಿಫಿಕ್‌ನಲ್ಲಿ ಮುರಿಯಿತು. ಅದರ ಹಿಂಭಾಗದ ಜನರೇಟರು ಕ್ಯಾಲಿಫೋರ್ನಿಯಾದ ಯುರೇಕಾ ಊರಿಗೆ ಹಲವು ವರ್ಷ ಕರೆಂಟು ಕೊಟ್ಟಿತು.

ಕಾರಣ ಬರೀ ಕಳಪೆ ಬೆಸುಗೆಯಲ್ಲ. ಚಳಿಯಲ್ಲಿ ಆ ಉಕ್ಕು ಬಾಗುವ ಗುಣ ಕಳೆದುಕೊಂಡು ಗಾಜಿನಂತೆ ಸಿಡಿಯುತ್ತದೆ. ಹ್ಯಾಚಿನ (ಸರಕು ಇಳಿಸಲು ಡೆಕ್ಕಿನಲ್ಲಿ ಬಿಟ್ಟ ಬಾಯಿಯ) ಚೌಕ ಮೂಲೆಯಲ್ಲಿ, ಡೆಕ್ಕಿನ ಅಂಚಿನಲ್ಲಿ ಏಣಿಗೆಂದು ಕತ್ತರಿಸಿದ ಜಾಗದಲ್ಲಿ ಒತ್ತಡ ಗುಂಪಾಗುತ್ತದೆ. ರಿವೆಟ್ ಹೊಡೆದ ಹಡಗಿನಲ್ಲಿ ಒಂದು ತಗಡಿನ ಬಿರುಕು ಆ ತಗಡಿನ ಅಂಚಿಗೆ ನಿಲ್ಲುತ್ತದೆ. ಪೂರ್ತಿ ಬೆಸೆದ ಹಡಗಿನಲ್ಲಿ ನಿಲ್ಲಿಸುವವರಿಲ್ಲ. ಪರಿಹಾರವೂ ಅಷ್ಟೇ ನೇರ: ಹ್ಯಾಚ್ ಮೂಲೆಯನ್ನು ದುಂಡು ಮಾಡಿ ದಪ್ಪ ತಗಡು ಕೂಡಿಸುವುದು, ಡೆಕ್ಕಿನ ಅಂಚಿಗೆ ಉದ್ದಕ್ಕೂ ಸೀಳು ಬಿಟ್ಟು ಅದರ ಮೇಲೆ ರಿವೆಟ್ ಪಟ್ಟಿ ಹೊಡೆಯುವುದು. ಜೊತೆಗೆ ಖಾಲಿ ಹೋಗುವಾಗ ಬ್ಯಾಲಾಸ್ಟನ್ನು (ಭಾರಕ್ಕೆಂದು ತುಂಬುವ ನೀರನ್ನು) ಎರಡು ತುದಿಗೆ ತುಂಬಿ ನಡುವನ್ನು ಬರಿದು ಬಿಡಬಾರದು. ಪಟ್ಟಿ ಹೊಡೆದ ಮೇಲೆ ಈ ಹಡಗುಗಳು ದಶಕಗಟ್ಟಲೆ ದುಡಿದವು.

ನನ್ನ ಕೇಳಿದರೆ ಹಡಗನ್ನು ನಿಲ್ಲಿಸುತ್ತಿದ್ದದ್ದು ಬಿರುಕಲ್ಲ, ಟೇಲ್ ಶಾಫ್ಟ್ (ಪ್ರೊಪೆಲ್ಲರ್ ಕೂರುವ ಕೊನೆಯ ದಂಡ) ಮತ್ತು ಬಾಯ್ಲರ್. ಖಾಲಿ ಹಡಗಿನ ಪ್ರೊಪೆಲ್ಲರ್ ಅರ್ಧ ನೀರಿನ ಮೇಲೆ. ಅಲೆಯಲ್ಲಿ ಎಂಜಿನ್ ಓಟ ಕಿತ್ತುಕೊಳ್ಳುತ್ತದೆ, ಪ್ರೊಪೆಲ್ಲರ್ ಕೂರುವ ಮೊನಚಿನ ದಪ್ಪ ತುದಿಯಲ್ಲಿ, ಕೀಲಿ ಕೂರುವ ತೋಡಿನ ಬಳಿ, ಕೂದಲೆಳೆ ಬಿರುಕು ಹುಟ್ಟುತ್ತದೆ. ಶಾಫ್ಟನ್ನು ಹೊರಗೆಳೆದು ನೋಡದೆ ಅದು ಕಾಣುವುದಿಲ್ಲ, ಎಳೆಯಲು ಡ್ರೈಡಾಕ್ ಬೇಕು. ಬಾಯ್ಲರ್ ಕಥೆ ಇನ್ನೂ ಸಾದಾ. ಲಿಬರ್ಟಿಯದು ಎರಡು ನೀರುಕೊಳವೆ ಬಾಯ್ಲರ್, ಚದರ ಇಂಚಿಗೆ 220 ಪೌಂಡ್ ಒತ್ತಡ. ಉಗಿಯನ್ನು ತಣಿಸಿ ನೀರಾಗಿಸುವ ಕಂಡೆನ್ಸರಿನ ಒಂದೆರಡು ಕೊಳವೆ ತುದಿಯಲ್ಲಿ ಸಡಿಲವಾದರೆ ಸಾಕು, ಬಾಯ್ಲರಿಗೆ ಹೋಗುವ ಫೀಡ್ ನೀರಿಗೆ ಕಡಲ ನೀರು ಸೇರುತ್ತದೆ. ಕೊಳವೆಯೊಳಗೆ ಪೊರೆ ಕಟ್ಟಿ, ಬೆಂಕಿಯ ಕಡೆ ಉಬ್ಬಿ, ಒಡೆಯುತ್ತದೆ. ಫೀಡ್ ನೀರಿಗೆ ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಟ್ಟು, ಬೆಳ್ಳಗೆ ಮೋಡ ಕಟ್ಟಿದರೆ ಉಪ್ಪು ಬಂದಿದೆ ಎಂದರ್ಥ. ಹಳೆಯ ಕಲ್ಲಿದ್ದಲು ಹಡಗಿನ ಸ್ಕಾಚ್ ಬಾಯ್ಲರ್ ಇಂಥ ನೀರನ್ನು ಸ್ವಲ್ಪ ಕಾಲ ಸಹಿಸುತ್ತದೆ. ನೀರುಕೊಳವೆ ಬಾಯ್ಲರ್ ಸಹಿಸುವುದಿಲ್ಲ. ಸ್ಕಾಚ್ ಬಾಯ್ಲರಿನ ಅಭ್ಯಾಸದಲ್ಲಿ ಬೆಳೆದ ಸಿಬ್ಬಂದಿ ಲಿಬರ್ಟಿಗೆ ಬಂದಾಗ ತಪ್ಪಾಗುವುದು ಇಲ್ಲಿಯೇ.

ಪಡುಗಡಲು

ಉಗಿಯಂತ್ರ ಸರ್ ಹೇಳಿದ್ದು ಲಿಬರ್ಟಿ ಮಟ್ಟಿಗೆ ಸರಿ. ಆದರೆ ಲಿಬರ್ಟಿ ಈ ಬಳಗದ ಒಳ್ಳೆಯ ಭಾಗ. ಆ ಸುಮಾರು 40 ಹಡಗಾದರೂ ಒಂದೇ ಅಚ್ಚಿನವು, ಒಂದರ ಬೇರಿಂಗ್ ಇನ್ನೊಂದಕ್ಕೆ ಕೂರುತ್ತದೆ. ಉಳಿದವುಗಳ ಪಾಡು ನೋಡಿ.

ಪಾಟ್ಸ್‌ಡ್ಯಾಮ್ ಒಪ್ಪಂದದಂತೆ ಜರ್ಮನಿಯ ಉಳಿದ ವಾಣಿಜ್ಯ ಹಡಗುಗಳನ್ನು ಸೋವಿಯತ್, ಬ್ರಿಟನ್, ಅಮೆರಿಕ ಮೂರು ಪಾಲು ಮಾಡಿಕೊಂಡವು. ಪೋಲೆಂಡಿನ ಪಾಲು ಸೋವಿಯತ್ ಭಾಗದಿಂದಲೇ ಹೋಗಬೇಕಿತ್ತು. ಹೀಗೆ ಬಂದವುಗಳಲ್ಲಿ 'ಹನ್ಸಾ ಎ' ಮಾದರಿಯ 3,000 ಟನ್ ಭಾರ ಹೊರುವ ಕಲ್ಲಿದ್ದಲು ಹಡಗುಗಳೂ ಇದ್ದವು. ಯುದ್ಧಕ್ಕೆಂದು ಅವಸರದಲ್ಲಿ ಕಟ್ಟಿದವು. ಫಿನ್‌ಲೆಂಡಿನಿಂದ ಪರಿಹಾರದ ಲೆಕ್ಕದಲ್ಲಿ 1952ರವರೆಗೆ ಬಂದ ಹಡಗುಗಳಲ್ಲಿ ಮರದ ಹಾಯಿಹಡಗುಗಳೂ ಬಹಳ. ಭೂಮಿಯ ಕಾಂತತ್ವ ಅಳೆಯಲೆಂದು ಬಳಸಿದ ಜಾರ್ಯಾ ಆ ಪೈಕಿಯದೇ. ಇವುಗಳ ನಡುವೆ ಯುದ್ಧಕ್ಕೆ ಮುಂಚೆ ಕೊಂಡ ಹಳೆಯ ಬ್ರಿಟಿಷ್ ಹಡಗುಗಳು ಬೇರೆ.

ಈಗ ಒಂದು ಸ್ಟೋರ್‌ರೂಮು ಊಹಿಸಿಕೊಳ್ಳಿ. ಅರ್ಧ ಇಂಚಿನ ಬೋಲ್ಟು ಬ್ರಿಟಿಷರದ್ದಾದರೆ ಇಂಚಿಗೆ 12 ಥ್ರೆಡ್, ಕೋನ 55 ಡಿಗ್ರಿ. ಅಮೆರಿಕದ್ದಾದರೆ 13 ಥ್ರೆಡ್, 60 ಡಿಗ್ರಿ. ಕಣ್ಣಿಗೆ ಎರಡೂ ಒಂದೇ. ನಟ್ಟು ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಳ್ಳುತ್ತದೆ, ಒತ್ತಾಯ ಮಾಡಿದರೆ ಥ್ರೆಡ್ ಹರಿಯುತ್ತದೆ. ಜರ್ಮನ್ ಹಡಗಿಗೆ ಮಿಲಿಮೀಟರಿನದು. ಲಿಬರ್ಟಿಯ ಮೂರು ಜನರೇಟರುಗಳು ತಲಾ 20 ಕಿಲೋವಾಟ್, 120 ವೋಲ್ಟ್ ಡಿಸಿ. ಪಕ್ಕದ ಹಡಗಿನ 220 ವೋಲ್ಟ್ ಮೋಟರು ಇದಕ್ಕೆ ಬರುವುದಿಲ್ಲ. ಬಿಡಿಭಾಗ ಸಿಗದಿದ್ದರೆ ಲೇತಿನಲ್ಲಿ ಕಡೆದೇ ಆಗಬೇಕು. ಒಂದು ವಾರದ ಕೆಲಸ ಎರಡು ತಿಂಗಳಾಗುವುದು ಹೀಗೆ.

ಲೇತಾದರೂ ಎಲ್ಲಿತ್ತು? ಒಡೆಸ್ಸಾ, ನಿಕೊಲಾಯೆವ್, ಸೆವಾಸ್ತೊಪೊಲ್, ನೊವೊರೊಸ್ಸಿಯ್ಸ್ಕ್ ಯುದ್ಧದಲ್ಲಿ ನೆಲಸಮವಾಗಿದ್ದವು. ಯುದ್ಧದ ಪೆಟ್ಟು ತಿನ್ನದೆ ಉಳಿದದ್ದು ವ್ಲಾದಿವೊಸ್ತೊಕ್‌ನ ದಾಲ್‌ಜಾವೊದ್. ಆದರೆ ದೂರಪ್ರಾಚ್ಯದ ಹಡಗುಗಳು ಯುದ್ಧಕಾಲದಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ರಿಪೇರಿ ಮಾಡಿಸಿಕೊಂಡು ಬರುತ್ತಿದ್ದವು. ಲೆಂಡ್-ಲೀಸ್ ನಿಂತ ಮೇಲೆ ಆ ಸರದಿಯೆಲ್ಲ ಒಟ್ಟಿಗೆ ಮನೆಬಾಗಿಲಿಗೆ ಬಂತು.

ಮೂರನೇ ಪ್ರಶ್ನೆಗೂ ಇಲ್ಲಿ ಸುಳಿವಿದೆ. ಗ್ರಾಸ್ ಟನ್ ಅನ್ನುವುದು ತೂಕವಲ್ಲ, ಜಾಗ: 100 ಘನ ಅಡಿಗೆ ಒಂದು ಟನ್. ಮುಳುಗಿದ್ದ ಜರ್ಮನ್ ಲೈನರ್ ಹನ್ಸಾವನ್ನು 1949ರಲ್ಲಿ ಎತ್ತಿ, ವಾರ್ನೆಮ್ಯುಂಡೆಯಲ್ಲಿ ದುರಸ್ತಿ ಮಾಡಿಸಿ, ಸೊವೆತ್‌ಸ್ಕಿ ಸೊಯೂಜ್ ಎಂದು 1955ರಲ್ಲಿ ಇಳಿಸಿದರು. 20,000ಕ್ಕೂ ಮಿಕ್ಕ ಗ್ರಾಸ್ ಟನ್. ಅದರ ಒಂದೇ ಸಾಲಿನಿಂದ ನಿಮ್ಮ ಮೊತ್ತಕ್ಕೆ ಸುಮಾರು ಮೂರು ಲಿಬರ್ಟಿ ಸೇರಿದಂತಾಗುತ್ತದೆ. ಸರಕಿನ ಲೆಕ್ಕಕ್ಕೆ ಅದು ಬಹುಪಾಲು ಸೊನ್ನೆ. ಅಡ್ಮಿರಲ್ ನಖಿಮೊವ್, ರೊಸ್ಸಿಯಾ, ಪೊಬೆದಾ ಕೂಡ ಪಕ್ಕಕ್ಕಿಡಿ.

ದಕ್ಕೆಹಕ್ಕಿ

ತುಂಬ ಉಪಕಾರವಾಯಿತು. ಪ್ರಯಾಣಿಕ ಹಡಗು ತೆಗೆದು, ಗ್ರಾಸ್ ಟನ್ ಬದಲು ಹೊರುವ ಭಾರ ಹಾಕಿ, ರಿಪೇರಿಯ ದಿನ ಕಳೆದರೆ ನಿಜವಾದ ಶಕ್ತಿ ಸಿಗಬಹುದೇ?

ನಕಾಶೆ

ಇನ್ನೂ ಇಲ್ಲ. ಬಂದರಿನ ದಿನ ಮರೆತಿದ್ದೀರಿ. ದೂರಪ್ರಾಚ್ಯದಲ್ಲಿ ಅದೇ ದೊಡ್ಡ ಸೋರಿಕೆ.

ಲೆಕ್ಕಕ್ಕೆಂದು ಅಂಕಿ ಹಿಡಿಯೋಣ. ಲಿಬರ್ಟಿಯಲ್ಲಿ 9,000 ಟನ್ ಸರಕು, ವೇಗ 10 ನಾಟ್, ದಿನಕ್ಕೆ 240 ಮೈಲಿ, ದೂರ 1,440 ಮೈಲಿ. ಹೋಗಲು 6 ದಿನ, ಬರಲು 6. ಹ್ಯಾಚು ಐದು, ಒಂದೊಂದರಲ್ಲಿ ಗಂಟೆಗೆ 15 ಟನ್, ದಿನಕ್ಕೆ 20 ಗಂಟೆ ಕೆಲಸ ಎಂದರೆ 1,500 ಟನ್. ತುಂಬಲು 6 ದಿನ, ಇಳಿಸಲು 6. ಒಂದು ಸುತ್ತು 24 ದಿನ. ವರ್ಷದಲ್ಲಿ 300 ದಿನ ಓಡಿದರೆ 12.5 ಸುತ್ತು, 1,12,500 ಟನ್.

ಈಗ ಇಳಿಸುವ ಕಡೆ ದಕ್ಕೆಯೇ ಇಲ್ಲ ಎನ್ನಿ. ಕಂಚಟ್ಕಾ ಕಡೆಯ ಎಷ್ಟೋ ಜಾಗಗಳಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿ, 'ಕುಂಗಾಸ್' ಎಂಬ ಮರದ ದೋಣಿಗಳಿಗೆ ಸರಕು ಇಳಿಸಬೇಕು. ನಮ್ಮ ಹಳೆಯ ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗು ಹೊರಗೇ ನಿಂತು ದೋಣಿಗಳಿಂದ ಸರಕು ಸಾಗಿಸುತ್ತಿದ್ದ ಹಾಗೆ. ದಿನಕ್ಕೆ 400 ಟನ್ ಇಳಿದರೆ 22.5 ದಿನ. ಸುತ್ತು 40.5 ದಿನಕ್ಕೆ ಹೋಗುತ್ತದೆ, ವರ್ಷಕ್ಕೆ 7.4 ಸುತ್ತು, ಸುಮಾರು 66,700 ಟನ್. ಹಡಗು ಅದೇ, ಎಂಜಿನ್ ಅದೇ, ನೂರಕ್ಕೆ ನಲವತ್ತು ಪಾಲು ಶಕ್ತಿ ಮಾತ್ರ ಲಂಗರಿನ ಸರಪಳಿಗೆ ನೇತುಬಿದ್ದಿದೆ. ಗಾಳಿ ಎದ್ದು ದೋಣಿ ನಿಂತ ದಿನಗಳನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಹೀಗಿರುವಾಗ ಹಡಗಿನ ವೇಗ ಒಂದು ನಾಟ್ ಹೆಚ್ಚಿಸುವುದರಿಂದ ಸಿಗುವ ಲಾಭ ಅಷ್ಟಕ್ಕಷ್ಟೇ. ಒಂದು ಕ್ರೇನ್ ನೆಟ್ಟರೆ ಹೆಚ್ಚು. ಆದರೆ ಯೋಜನೆಯ ಅಂಕಿ ಟನ್-ಮೈಲಿಯಲ್ಲಿತ್ತು ನೋಡಿ, ದೂರದ ಓಟ ಹಡಗು ಸಂಸ್ಥೆಗೆ ಚೆಂದ ಕಾಣುತ್ತದೆ, ಹತ್ತಿರದ ತೊಡಕಿನ ಬಂದರು ಬೇಡವಾಗುತ್ತದೆ.

ಅವಸರದಲ್ಲಿ ಏನಾಗುತ್ತದೆ ಎನ್ನುವುದಕ್ಕೆ ಎರಡು ಉದಾಹರಣೆ. 1946ರ ಜುಲೈನಲ್ಲಿ ನಖೊದ್ಕಾದಲ್ಲಿ ದಾಲ್‌ಸ್ತ್ರೊಯ್ ಎಂಬ ಹಡಗು, 1947ರ ಡಿಸೆಂಬರಿನಲ್ಲಿ ಕೊಲಿಮಾ ಕಡೆಯ ನಗಾಯೆವೊ ಬಂದರಿನಲ್ಲಿ ಗೆನೆರಲ್ ವಟೂಟಿನ್ ಎಂಬ ಲಿಬರ್ಟಿ, ಎರಡೂ ಗಣಿಗಳಿಗೆ ಹೋಗುವ ಸ್ಫೋಟಕ ತುಂಬಿಕೊಂಡಿದ್ದಾಗ ಬೆಂಕಿ ಹತ್ತಿ ಸಿಡಿದವು. ಬಂದರನ್ನೂ ಹಾಳುಮಾಡಿದವು. ನಿಮ್ಮ ಪಟ್ಟಿಯಿಂದ ಆ ಎರಡು ಹೆಸರನ್ನು ಆಯಾ ತಿಂಗಳಿಗೇ ತೆಗೆಯಿರಿ. ನಷ್ಟವಾದ ಸೋವಿಯತ್ ಹಡಗಿನ ಹೆಸರು ರಿಜಿಸ್ಟರುಗಳಿಂದ ತಡವಾಗಿ ಅಳಿಸಿಹೋಗುತ್ತಿತ್ತು.

ಪಡುಗಡಲು

ಪೊಬೆದಾವನ್ನು ಮಾತ್ರ ಬೆಂಕಿ ಬಿತ್ತೆಂದು ನಷ್ಟವಾದ ಹಡಗುಗಳ ಸಾಲಿಗೆ ಸೇರಿಸಬೇಡಿ, ಪ್ರಯಾಣಿಕ ಹಡಗುಗಳ ಜೊತೆಗೇ ಇಡಿ. 1948ರ ಸೆಪ್ಟೆಂಬರ್ 1ರಂದು ಕಪ್ಪು ಸಮುದ್ರದಲ್ಲಿ ಸಿನೆಮಾ ರೀಲುಗಳಿಂದ ಬೆಂಕಿ ಹತ್ತಿ 42 ಜನ ಸತ್ತರು, ಚೀನಾದ ಸೇನಾನಾಯಕ ಫೆಂಗ್ ಯೂಷಿಯಾಂಗ್ ಅವರಲ್ಲೊಬ್ಬರು. ಹಡಗು ಉಳಿಯಿತು, ದುರಸ್ತಿಯಾಗಿ ಮತ್ತೆ ಓಡಿತು.

ಹಳೇಲಂಗರು

1950ರ ದಶಕದ ಮೊದಲ ವರ್ಷಗಳಿಂದ ಮುಂದಕ್ಕೆ ಟ್ಯಾಂಕರುಗಳನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಕಜ್ಬೆಕ್ ಮಾದರಿ ಶುರುವಾದದ್ದು ಆಗ. ಸುಮಾರು 12,000 ಟನ್ ಹೊರುವ ಡೀಸೆಲ್ ಹಡಗು, ಒಂದೇ ಅಚ್ಚಿನದು ಸಾಲಾಗಿ ಬಂತು. ಪಡುಗಡಲು ಹೇಳಿದ ಬೋಲ್ಟಿನ ಗೋಳು ಕಡಿಮೆಯಾಗುವುದು ಇಲ್ಲಿಂದ.

ಭಾರತದ ಕಡೆಗೆ ಬಂದವುಗಳನ್ನು ಹುಡುಕುವುದಿದ್ದರೆ 1956ರಿಂದ ನೋಡಿ. ಆ ವರ್ಷದ ಒಪ್ಪಂದದಲ್ಲಿ ಎರಡೂ ದೇಶಗಳ ಹಡಗುಗಳು ಸಮಪಾಲಿನಲ್ಲಿ ಓಡುವ ಏರ್ಪಾಟಾಯಿತು. ನಮ್ಮ ಕಡೆಯಿಂದ ಅದೇ ವರ್ಷ ಹುಟ್ಟಿದ ಸರ್ಕಾರಿ ವೆಸ್ಟರ್ನ್ ಶಿಪ್ಪಿಂಗ್ ಕಾರ್ಪೊರೇಶನ್. 1961ರಲ್ಲಿ ಅದು ಈಸ್ಟರ್ನ್ ಶಿಪ್ಪಿಂಗ್ ಕಾರ್ಪೊರೇಶನ್ ಜೊತೆ ಸೇರಿ ಶಿಪ್ಪಿಂಗ್ ಕಾರ್ಪೊರೇಶನ್ ಆಫ್ ಇಂಡಿಯಾ ಆಯಿತು. ಭಿಲಾಯಿ ಉಕ್ಕಿನ ಕಾರ್ಖಾನೆಯ ಯಂತ್ರಗಳು ಬಂದ ಕಾಲವೂ ಅದೇ. ಅಲ್ಲಿ ಒಡೆಸ್ಸಾ ಸಂಸ್ಥೆಯ ಹೆಸರುಗಳನ್ನು ಮೊದಲು ಹುಡುಕಿ.